ಐದು ಕೌಂಟರ್, ಒಂದೇ ಫೈಲ್: ಸಣ್ಣ ಸೊಸೈಟಿಗೆ ಹಗುರವಾದ ಡೇಟಾಬೇಸ್ ಆರಿಸುವ ಸಮಗ್ರ ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಸಣ್ಣ ಸೊಸೈಟಿಗೋ ಅಡಿಕೆ ವಖಾರಿಗೋ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಡೇಟಾಬೇಸ್‌ದು. ದೊಡ್ಡ ಸರ್ವರ್ ಇಡಲು ದುಡ್ಡಿಲ್ಲ, ಅದನ್ನು ನೋಡಿಕೊಳ್ಳಲು ಜನ ಇಲ್ಲ. ಒಂದು ಹಳೆಯ ಕಂಪ್ಯೂಟರ್, ಒಂದು ರೂಟರ್, ನಾಲ್ಕೈದು ಕೌಂಟರ್ ಅಷ್ಟೇ ಇರುವುದು. ಹಾಗಾಗಿ ಒಂದೇ ಫೈಲಿನಲ್ಲಿ ಎಲ್ಲವೂ ಇರುವ, ಹಗುರವಾದ ಡೇಟಾಬೇಸ್ ಬೇಕು ಅನಿಸುತ್ತದೆ. ಅದು ಸರಿಯಾದ ಆಸೆಯೇ. ಆದರೆ ಐದು ಜನ ಒಟ್ಟಿಗೆ ಕೂತು ಬಿಲ್ ಮಾಡಿದಾಗ ಆ ಫೈಲ್ ತಡೆಯುತ್ತದಾ ಅನ್ನೋದು ಎಲ್ಲರ ಭಯ.

ತಡೆಯುತ್ತದೆ, ಸರಿಯಾಗಿ ಇಟ್ಟರೆ. ಯಾವ ಬ್ರ್ಯಾಂಡಿನ ಡೇಟಾಬೇಸ್ ಅನ್ನೋದಕ್ಕಿಂತ ಆ ಫೈಲನ್ನು ಯಾರು ಮುಟ್ಟುತ್ತಾರೆ ಅನ್ನೋದು ಇಲ್ಲಿ ಜಾಸ್ತಿ ಮುಖ್ಯ. ನನ್ನ ಮಟ್ಟಿಗೆ ಈ ವಿಷಯದ ಮುಕ್ಕಾಲು ಪಾಲು ಇಷ್ಟೇ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಹಂತ 1: ಬರೆಯುವವರನ್ನು ಎಣಿಸಿ

"ನಮ್ಮಲ್ಲಿ ಹತ್ತು ಜನ ಬಳಸುತ್ತಾರೆ" ಅನ್ನುವ ಲೆಕ್ಕದಿಂದ ಏನೂ ಗೊತ್ತಾಗುವುದಿಲ್ಲ. ಹತ್ತರಲ್ಲಿ ಎಂಟು ಜನ ಬರೀ ನೋಡುವವರಿರಬಹುದು. ಮ್ಯಾನೇಜರ್ ವರದಿ ತೆಗೆಯುತ್ತಾರೆ, ವಿಚಾರಣೆ ಕೌಂಟರಿನವರು ಸದಸ್ಯರ ಖಾತೆ ತೋರಿಸುತ್ತಾರೆ. ಓದುವವರು ಎಷ್ಟಿದ್ದರೂ ಹೆಚ್ಚಿನ ಡೇಟಾಬೇಸ್‌ಗಳಿಗೆ ತಲೆನೋವಿಲ್ಲ. ಕಷ್ಟ ಇರುವುದು ಬರೆಯುವವರಲ್ಲಿ, ಅದೂ ಒಂದೇ ಕ್ಷಣದಲ್ಲಿ ಬರೆಯುವವರಲ್ಲಿ.

ಒಂದು ಲೆಕ್ಕ ಹಾಕಿ ನೋಡಿ. ಟೆಂಡರ್ ಮುಗಿದ ಮೇಲೆ ಐದು ಕೌಂಟರಿನಲ್ಲೂ ವಿಕ್ರಿ ಪಟ್ಟಿ (ಮಾರಾಟದ ಬಿಲ್) ಮಾಡುವ ಗಡಿಬಿಡಿ ಇದೆ ಅಂದುಕೊಳ್ಳಿ. ಒಬ್ಬೊಬ್ಬರೂ ನಿಮಿಷಕ್ಕೆ ಎರಡು ಪಟ್ಟಿ ಮಾಡಿದರೆ ಒಟ್ಟು ಹತ್ತು. ಒಂದು ಪಟ್ಟಿಯನ್ನು ಡಿಸ್ಕಿಗೆ ಬರೆಯಲು 20 ಮಿಲಿಸೆಕೆಂಡ್ ಹಿಡಿಯುತ್ತದೆ ಅನ್ನೋಣ. ಹತ್ತಕ್ಕೆ 200 ಮಿಲಿಸೆಕೆಂಡ್. ಒಂದು ನಿಮಿಷದಲ್ಲಿ 60,000 ಮಿಲಿಸೆಕೆಂಡ್ ಇರುತ್ತದೆ. ಅಂದರೆ ಅಷ್ಟು ಗಡಿಬಿಡಿಯಲ್ಲೂ ಫೈಲ್ ಹೆಚ್ಚಿನ ಹೊತ್ತು ಸುಮ್ನೆ ಕೂತಿರುತ್ತದೆ. ಒಂದು ಸಲಕ್ಕೆ ಒಬ್ಬರೇ ಬರೆಯಬೇಕು ಅಂತ ನಿಯಮ ಇದ್ದರೂ ಯಾರೂ ಕಾಯುವುದು ಗೊತ್ತೇ ಆಗುವುದಿಲ್ಲ.

ಕಾರವಾರದ ಬೈತಖೋಲದಂಥ ಬಂದರಿನ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ದೋಣಿಗಳು ಒಂದರ ಹಿಂದೊಂದು ಬಂದಾಗ ನಮೂದುಗಳೂ ಒಟ್ಟಿಗೇ ಬಂದು ಬೀಳುತ್ತವೆ. ಹಾಗಾಗಿ ದಿನದ ಸರಾಸರಿ ಬೇಡ, ಅತಿ ಗಡಿಬಿಡಿಯ ಹತ್ತು ನಿಮಿಷವನ್ನು ತೆಗೆದುಕೊಂಡು ಎಣಿಸಿ. ಒಂದು ದಿನ ಕೌಂಟರಿನ ಪಕ್ಕ ಪೆನ್ನು ಹಿಡಿದು ಕೂತರೆ ಈ ಅಂಕಿ ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಪರೀಕ್ಷೆಗೆ ಬೇಕಾಗುತ್ತದೆ.

ಹಂತ 2: ಫೈಲ್ ಎಲ್ಲಿರಬೇಕು ಅಂತ ಮೊದಲೇ ತೀರ್ಮಾನಿಸಿ

ಎಲ್ಲರೂ ಮಾಡುವ ಸುಲಭದ ಕೆಲಸ ಇದು: ಒಂದು ಕಂಪ್ಯೂಟರಿನಲ್ಲಿ ಫೋಲ್ಡರ್ ಶೇರ್ ಮಾಡುವುದು, ಡೇಟಾಬೇಸ್ ಫೈಲನ್ನು ಅದರಲ್ಲಿ ಇಡುವುದು, ಉಳಿದ ನಾಲ್ಕು ಕಂಪ್ಯೂಟರ್‌ಗಳಲ್ಲಿ ಅದೇ ಪ್ರೋಗ್ರಾಂ ಹಾಕಿ ಎಲ್ಲವೂ ನೆಟ್‌ವರ್ಕ್ ಮೂಲಕ ಆ ಫೈಲನ್ನೇ ತೆರೆಯುವ ಹಾಗೆ ಮಾಡುವುದು. ಇದನ್ನು ಮಾಡಬೇಡಿ. ಈ ಬರಹದಲ್ಲಿ ನೀವು ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಿ.

ಯಾಕೆ ಅಂದರೆ, ಫೈಲ್ ಡೇಟಾಬೇಸ್‌ನ ಭದ್ರತೆಯೆಲ್ಲ ನಿಂತಿರುವುದು ಲಾಕ್ ಮೇಲೆ. "ನಾನು ಬರೆಯುತ್ತಿದ್ದೇನೆ, ನೀನು ತಡಿ" ಅಂತ ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಹೇಳುವುದು ಆಪರೇಟಿಂಗ್ ಸಿಸ್ಟಂ ಕೊಡುವ ಫೈಲ್ ಲಾಕ್ ಮೂಲಕ. ಒಂದೇ ಯಂತ್ರದ ಒಳಗೆ ಇದು ಗಟ್ಟಿ. ನೆಟ್‌ವರ್ಕ್ ಫೋಲ್ಡರಿನಲ್ಲಿ ಅಷ್ಟು ನಂಬಿಕೆ ಇಡಲು ಆಗುವುದಿಲ್ಲ. ಓದಿದ್ದನ್ನು ವಿಂಡೋಸ್ ತನ್ನಲ್ಲೇ ಇಟ್ಟುಕೊಂಡು ಹಳೆಯದನ್ನೇ ತೋರಿಸಬಹುದು, ಲಾಕ್ ಸಿಗದೇ ಸಿಕ್ಕಿತು ಅಂತ ಹೇಳಬಹುದು. ವೈಫೈ ಒಂದು ಕ್ಷಣ ಕಡಿದು ಹೋದರೆ ಅರ್ಧ ಬರೆದದ್ದು ಹಾಗೇ ಉಳಿಯಬಹುದು. ಎಸ್‌ಕ್ಯೂಲೈಟ್ (SQLite) ಅನ್ನುವ ಫೈಲ್ ಡೇಟಾಬೇಸ್ ಮಾಡಿದವರೇ ತಮ್ಮ ದಾಖಲೆಯಲ್ಲಿ ಇದರ ಬಗ್ಗೆ ಸ್ಪಷ್ಟವಾಗಿ ಎಚ್ಚರಿಸಿದ್ದಾರೆ.

ಹಾಗಾದರೆ ಏನು ಮಾಡಬೇಕು? ಹಳೆಯ ಕಾಲದ ಕಿರ್ದಿ ಪುಸ್ತಕ ನೆನಪಿಸಿಕೊಳ್ಳಿ. ಪುಸ್ತಕ ಒಂದೇ, ಬರೆಯುವ ಗುಮಾಸ್ತರೂ ಒಬ್ಬರೇ. ಉಳಿದವರು ಚೀಟಿ ಕೊಡುತ್ತಿದ್ದರು, ಪುಸ್ತಕಕ್ಕೆ ಕೈ ಹಾಕುತ್ತಿರಲಿಲ್ಲ. ಇಲ್ಲೂ ಅಷ್ಟೇ. ಫೈಲ್ ಇರುವ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಸದಾ ಓಡುತ್ತಿರಲಿ. ಆ ಪ್ರೋಗ್ರಾಂ ಮಾತ್ರ ಫೈಲನ್ನು ತೆರೆಯಲಿ. ಉಳಿದ ಕೌಂಟರಿನವರು ತಮ್ಮ ಬ್ರೌಸರ್‌ನಲ್ಲಿ ಆ ಪ್ರೋಗ್ರಾಂನ ಪುಟ ತೆರೆದು ಕೆಲಸ ಮಾಡಲಿ. ಪೈಥಾನ್, ಗೋ, ಪಿಎಚ್‌ಪಿ, ನೋಡ್, ನಿಮಗೆ ಯಾವುದು ಗೊತ್ತೋ ಅದರಲ್ಲಿ ಬರೆಯಿರಿ. ರೂಟರಿನಲ್ಲಿ ಆ ಕಂಪ್ಯೂಟರಿಗೆ ಬದಲಾಗದ ಐಪಿ ವಿಳಾಸ ಕೊಡಿ. ಕೌಂಟರಿನ ವೈಫೈ ಕಡಿದರೆ ಒಂದು ಪುಟ ಬರುವುದಿಲ್ಲ ಅಷ್ಟೇ, ಫೈಲಿಗೆ ಏನೂ ಆಗುವುದಿಲ್ಲ. ಇಂಟರ್ನೆಟ್ ಇಲ್ಲದಿದ್ದರೂ ಒಳಗಿನ ನೆಟ್‌ವರ್ಕಿನಲ್ಲೇ ಎಲ್ಲವೂ ನಡೆಯುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಲೈನ್ ಹೋದಾಗ ಇದು ಎಷ್ಟು ದೊಡ್ಡ ಅನುಕೂಲ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಫೈಲನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ತರಹದ ಸಿಂಕ್ ಆಗುವ ಫೋಲ್ಡರಿನಲ್ಲೂ ಇಡಬೇಡಿ. ಬರೆಯುತ್ತಿರುವಾಗಲೇ ಅದು ಅರ್ಧ ಫೈಲನ್ನು ಎತ್ತಿಕೊಂಡು ಹೋಗುತ್ತದೆ.

ಹಂತ 3: ಇರುವ ಆಯ್ಕೆಗಳನ್ನು ಸೋಸಿ

ಎಕ್ಸೆಲ್ ಡೇಟಾಬೇಸ್ ಅಲ್ಲ. ಅದನ್ನು ಪಕ್ಕಕ್ಕಿಡಿ.

ಫಾಕ್ಸ್‌ಪ್ರೊ ಇನ್ನೂ ಕೆಲವು ಕಡೆ ಓಡುತ್ತಿದೆ. ಒಂದು ಕಾಲದಲ್ಲಿ ನಿಜಕ್ಕೂ ಗಟ್ಟಿ ಕೆಲಸಗಾರ. ಆದರೆ ಕೊನೆಯ ಆವೃತ್ತಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2015ರ ಜನವರಿಗೇ ಮುಗಿದಿದೆ. ಒಂದು ಟೇಬಲ್‌ಗೆ 2 ಜಿಬಿ ಮಿತಿ. ಹಂಚಿಕೊಂಡ ಫೋಲ್ಡರಿನಲ್ಲಿ ಇಂಡೆಕ್ಸ್ ಫೈಲ್ (ಬೇಗ ಹುಡುಕಲು ಇಡುವ ಸೂಚಿ) ಕೆಡುವುದು ಅದರ ಹಳೆಯ ಕಾಯಿಲೆ. ಹೊಸದಾಗಿ ಶುರು ಮಾಡುವವರು ಅದನ್ನು ಆರಿಸಬಾರದು.

ಎಂಎಸ್ ಆಕ್ಸೆಸ್ ಕಾಗದದ ಮೇಲೆ 255 ಜನರಿಗೆ ಸಾಕು. ಫೈಲಿಗೆ 2 ಜಿಬಿ ಮಿತಿ. ಅದರ ಕೊರತೆ ಹಂತ 2ರಲ್ಲಿ ಹೇಳಿದ್ದೇ: ಪ್ರತಿ ಕಂಪ್ಯೂಟರೂ ನೆಟ್‌ವರ್ಕ್ ಮೂಲಕ ಫೈಲಿನ ಒಳಗೆ ಕೈ ಹಾಕುತ್ತದೆ. ಈಗಾಗಲೇ ಅದರಲ್ಲಿ ಇದ್ದೀರಿ ಅಂದರೆ ಫಾರ್ಮ್‌ಗಳ ಫೈಲ್ ಬೇರೆ, ಟೇಬಲ್‌ಗಳ ಫೈಲ್ ಬೇರೆ ಮಾಡಿ. ಫಾರ್ಮ್ ಫೈಲಿನ ಕಾಪಿ ಒಂದೊಂದು ಕೌಂಟರಿನಲ್ಲೂ ಇರಲಿ. ಕೇಬಲ್ ಹಾಕಿ, ವೈಫೈ ಬೇಡ. ಅಷ್ಟರಲ್ಲಿ ಬೇರೆ ದಾರಿ ಹುಡುಕಿ.

ಡಕ್‌ಡಿಬಿ ಈಗ ಎಲ್ಲರ ಬಾಯಲ್ಲೂ ಇದೆ. ಲಕ್ಷಗಟ್ಟಲೆ ಸಾಲುಗಳ ಮೇಲೆ ಲೆಕ್ಕ ಹಾಕಲು, ವರ್ಷದ ವರದಿ ತೆಗೆಯಲು ಅದು ಬಹಳ ಚುರುಕು. ಆದರೆ ಕೌಂಟರಿನ ಬಿಲ್ಲಿಗಾಗಿ ಮಾಡಿದ್ದಲ್ಲ. ಎಲ್‌ಎಂಡಿಬಿ ವೇಗದ್ದೇ, ಆದರೆ ಅದು ಬರೀ ಕೀ (ಗುರುತಿನ ಹೆಸರು) ಮತ್ತು ಅದಕ್ಕೆ ಸೇರಿದ ಮಾಹಿತಿ ಇಡುವ ಪೆಟ್ಟಿಗೆ. ಖಾತೆ, ಪಟ್ಟಿ, ಬಾಕಿ ಎಲ್ಲವನ್ನೂ ನೀವೇ ಜೋಡಿಸಬೇಕು. ಜಾವಾದಲ್ಲಿ ಬರೆಯುವವರಿಗೆ ಎಚ್2 ಇದೆ. ಚಿಕ್ಕ ಕೆಲಸಕ್ಕೆ ಆಗುತ್ತದೆ.

ಕೊನೆಗೆ ಉಳಿಯುವುದು ಎರಡು: ಎಸ್‌ಕ್ಯೂಲೈಟ್ ಮತ್ತು ಫೈರ್‌ಬರ್ಡ್.

ಎಸ್‌ಕ್ಯೂಲೈಟನ್ನು ರಿಚರ್ಡ್ ಹಿಪ್ 2000ನೇ ಇಸವಿಯಲ್ಲಿ ಬರೆದರು. ಅಮೆರಿಕದ ನೌಕಾಪಡೆಯ ಯುದ್ಧನೌಕೆಯೊಂದರ ಸಾಫ್ಟ್‌ವೇರ್ ಮಾಡುವಾಗ, ಡೇಟಾಬೇಸ್ ಸರ್ವರ್ ನಿಂತರೆ ತಮ್ಮ ಪ್ರೋಗ್ರಾಂ ಕೂಡ ನಿಲ್ಲುತ್ತಿತ್ತು. ಸರ್ವರೇ ಬೇಡದ ಡೇಟಾಬೇಸ್ ಬೇಕು ಅನ್ನುವುದು ಅಲ್ಲಿಂದ ಬಂದ ಯೋಚನೆ. ಅದಕ್ಕೇ ಅದು ನಿಮ್ಮ ಪ್ರೋಗ್ರಾಂನ ಒಳಗೇ ಕೂರುತ್ತದೆ. ಇನ್‌ಸ್ಟಾಲ್ ಇಲ್ಲ, ಪಾಸ್‌ವರ್ಡ್ ಇಲ್ಲ, ಲೈಸೆನ್ಸ್ ಶುಲ್ಕ ಇಲ್ಲ. ಒಂದು ಸಲಕ್ಕೆ ಒಬ್ಬರೇ ಬರೆಯಬಹುದು, ಓದುವವರು ಎಷ್ಟಾದರೂ ಇರಬಹುದು.

ಫೈರ್‌ಬರ್ಡ್ ಕೂಡ ಅದೇ 2000ದಲ್ಲಿ, ಬೋರ್ಲ್ಯಾಂಡ್ ಕಂಪನಿ ತನ್ನ ಇಂಟರ್‌ಬೇಸ್ ಅನ್ನುವ ಡೇಟಾಬೇಸಿನ ಮೂಲ ಕೋಡನ್ನು ಬಿಟ್ಟುಕೊಟ್ಟಾಗ ಹುಟ್ಟಿದ್ದು. ಡೇಟಾ ಒಂದೇ ಫೈಲಿನಲ್ಲಿ ಇರುತ್ತದೆ, ಆದರೆ ಮುಂದೆ ಒಂದು ಸಣ್ಣ ಸರ್ವರ್ ಕೂತಿರುತ್ತದೆ. ಕೌಂಟರ್‌ಗಳು 3050ನೇ ಪೋರ್ಟ್ ಮೂಲಕ ಆ ಸರ್ವರಿನ ಹತ್ತಿರ ಮಾತಾಡುತ್ತವೆ. ಬೇರೆ ಬೇರೆ ಸಾಲುಗಳನ್ನು ಇಬ್ಬರು ಒಟ್ಟಿಗೇ ಬರೆಯಬಹುದು. ಒಂದೇ ಸಾಲನ್ನು ಇಬ್ಬರು ಮುಟ್ಟಿದರೆ ಮಾತ್ರ ಎರಡನೆಯವರು ಕಾಯಬೇಕು, ಇಲ್ಲವೇ ಎರರ್ ಸಂದೇಶ ಬರುತ್ತದೆ. ಬಳಕೆದಾರರ ಹೆಸರು, ಪಾಸ್‌ವರ್ಡ್, ಅಧಿಕಾರ ಎಲ್ಲ ಅದರಲ್ಲೇ ಇದೆ. ಇದೂ ಉಚಿತ.

ನನ್ನ ತೀರ್ಮಾನ ಹೀಗೆ. ನೀವು ಬ್ರೌಸರಿನಲ್ಲಿ ನಡೆಯುವ ಪ್ರೋಗ್ರಾಂ ಬರೆಯುತ್ತೀರಾದರೆ ಎಸ್‌ಕ್ಯೂಲೈಟ್. ಪ್ರತಿ ಕೌಂಟರಿನಲ್ಲೂ ವಿಂಡೋಸ್ ಪ್ರೋಗ್ರಾಂ ಬೇಕೇ ಬೇಕು, ಮಧ್ಯದ ಪ್ರೋಗ್ರಾಂ ಬರೆಯಲು ಆಗುವುದಿಲ್ಲ ಅಂದರೆ ಫೈರ್‌ಬರ್ಡ್. ಫಾಕ್ಸ್‌ಪ್ರೊ ಅಥವಾ ಆಕ್ಸೆಸ್‌ನಿಂದ ಬರುವವರಿಗೆ ಎರಡನೆಯದು ಹೆಚ್ಚು ಹತ್ತಿರದ ದಾರಿ. ಮುಂದಿನ ಹಂತಗಳನ್ನು ನಾನು ಎಸ್‌ಕ್ಯೂಲೈಟ್ ಇಟ್ಟುಕೊಂಡು ಹೇಳುತ್ತೇನೆ, ಯಾಕಂದರೆ ಅದರಲ್ಲಿ ಸುಮ್ಮನಿದ್ದರೆ ಕೈ ಕೊಡುವ ಜಾಗಗಳು ಕೆಲವಿವೆ.

ಹಂತ 4: ನಾಲ್ಕು ಸೆಟ್ಟಿಂಗ್ ಸರಿ ಮಾಡಿ

ಮೊದಲನೆಯದು ಜರ್ನಲ್ ಮೋಡ್, ಅಂದರೆ ಬದಲಾವಣೆಯನ್ನು ಫೈಲಿಗೆ ಇಳಿಸುವ ರೀತಿ. ಇದನ್ನು ವಾಲ್ (WAL) ಅಂತ ಬದಲಿಸಿ. ಹಳೆಯ ರೀತಿಯಲ್ಲಿ ಬರೆದದ್ದು ಫೈಲಿಗೆ ಇಳಿಯುವ ಹೊತ್ತಿಗೆ ಓದುವವರೆಲ್ಲ ಹೊರಗೆ ನಿಲ್ಲಬೇಕು. ವಾಲ್‌ನಲ್ಲಿ ಹೊಸ ಬದಲಾವಣೆ ಮೊದಲು ಪಕ್ಕದ ಒಂದು ಫೈಲಿಗೆ ಹೋಗುತ್ತದೆ, ಆಮೇಲೆ ಮುಖ್ಯ ಫೈಲಿಗೆ ಸೇರುತ್ತದೆ. ಹಾಗಾಗಿ ಬರೆಯುವವರು ಬರೆಯುತ್ತಿರುವಾಗಲೂ ಓದುವವರು ಓದಬಹುದು. 2010ರಲ್ಲಿ 3.7.0 ಆವೃತ್ತಿಯಿಂದ ಈ ಸೌಲಭ್ಯ ಇದೆ. ಒಮ್ಮೆ ಹಾಕಿದರೆ ಫೈಲಿನಲ್ಲೇ ಉಳಿಯುತ್ತದೆ. ಇದಕ್ಕೆ ಒಂದೇ ಯಂತ್ರದ ಮೆಮೊರಿ ಬೇಕು. ಹಂಚಿಕೊಂಡ ಫೋಲ್ಡರಿನಲ್ಲಿ ನಡೆಯುವುದೇ ಇಲ್ಲ. ಹಂತ 2ಕ್ಕೆ ಇದೂ ಒಂದು ಕಾರಣ.

ಎರಡನೆಯದು ಬಿಜಿ ಟೈಮ್‌ಔಟ್, ಅಂದರೆ ಲಾಕ್ ಸಿಗುವವರೆಗೆ ಎಷ್ಟು ಹೊತ್ತು ಕಾಯಬೇಕು ಅನ್ನೋದು. ಎಸ್‌ಕ್ಯೂಲೈಟ್‌ನ ಮೂಲ ಸ್ವಭಾವದಲ್ಲಿ ಇದು ಸೊನ್ನೆ. ಅಂದರೆ ಬೇರೆಯವರು ಬರೆಯುತ್ತಿದ್ದರೆ ಒಂದು ಕ್ಷಣವೂ ಕಾಯದೆ "ಡೇಟಾಬೇಸ್ ಈಸ್ ಲಾಕ್ಡ್" ಅಂತ ಹೇಳಿ ಕೈ ತೊಳೆದುಕೊಳ್ಳುತ್ತದೆ. ಎಸ್‌ಕ್ಯೂಲೈಟ್ ಬಹಳ ಜನರಿಗೆ ಆಗುವುದಿಲ್ಲ ಅನ್ನುವ ಹೆಸರು ಬಂದದ್ದರಲ್ಲಿ ಇದರ ಪಾಲು ದೊಡ್ಡದು ಅಂತ ನನ್ನ ನಂಬಿಕೆ. 5,000 ಮಿಲಿಸೆಕೆಂಡ್ ಕೊಡಿ. ಪೈಥಾನ್‌ನಲ್ಲಿ ಮೊದಲೇ ಐದು ಸೆಕೆಂಡ್ ಇರುತ್ತದೆ, ಬೇರೆ ಕಡೆ ನೀವೇ ಹಾಕಬೇಕಾಗಬಹುದು. ಇದು ಫೈಲಿನಲ್ಲಿ ಉಳಿಯುವುದಿಲ್ಲ, ಪ್ರತಿ ಕನೆಕ್ಷನ್ (ಪ್ರೋಗ್ರಾಂ ಫೈಲಿನ ಜೊತೆ ಮಾಡಿಕೊಳ್ಳುವ ಸಂಪರ್ಕ, ಒಂದೇ ಪ್ರೋಗ್ರಾಂ ಇಂಥ ಹಲವನ್ನು ತೆರೆಯಬಹುದು) ತೆರೆದಾಗಲೂ ಹೇಳಬೇಕು.

ಮೂರನೆಯದು ಫಾರಿನ್ ಕೀ. ಇಲ್ಲದ ಸದಸ್ಯರ ಹೆಸರಿಗೆ ಪಟ್ಟಿ ಆಗಬಾರದು ಅಂತ ಟೇಬಲ್‌ನಲ್ಲಿ ಬರೆದಿದ್ದರೂ, ಈ ಸೆಟ್ಟಿಂಗನ್ನು ಆನ್ ಮಾಡದೆ ಎಸ್‌ಕ್ಯೂಲೈಟ್ ಅದನ್ನು ಪಾಲಿಸುವುದಿಲ್ಲ. ಇದೂ ಪ್ರತಿ ಕನೆಕ್ಷನ್‌ಗೆ ಬೇಕು.

ನಾಲ್ಕನೆಯದು ಸಿಂಕ್ರೊನಸ್, ಅಂದರೆ ಬರೆದದ್ದು ಡಿಸ್ಕಿಗೆ ಇಳಿಯಿತಾ ಅಂತ ಎಷ್ಟು ಕಾಯಬೇಕು ಅನ್ನೋದು. ವಾಲ್ ಜೊತೆಗೆ ಇದನ್ನು ನಾರ್ಮಲ್ ಮಾಡಿ, ವೇಗ ಬರುತ್ತದೆ ಅಂತ ಬಹಳ ಕಡೆ ಹೇಳುತ್ತಾರೆ. ನಾರ್ಮಲ್‌ನಲ್ಲಿ ಫೈಲ್ ಕೆಡುವುದಿಲ್ಲ, ಅದು ನಿಜ. ಆದರೆ ಕರೆಂಟ್ ಹೋದರೆ ಕೊನೆಯ ಕೆಲವು ನಮೂದುಗಳು ಹೋಗಬಹುದು. ಪಟ್ಟಿ ಪ್ರಿಂಟ್ ಆಗಿ ರೈತರ ಕೈ ಸೇರಿದೆ, ಕಂಪ್ಯೂಟರಿನಲ್ಲಿ ಮಾತ್ರ ಅದು ಇಲ್ಲ ಅಂದರೆ ಯಾರಿಗೆ ಉತ್ತರ ಹೇಳುತ್ತೀರಿ? ದುಡ್ಡಿನ ಲೆಕ್ಕ ಇರುವಲ್ಲಿ ಫುಲ್ ಇಡಿ. ಮೊದಲ ಹಂತದ ಲೆಕ್ಕದಲ್ಲಿ ನೋಡಿದ್ದೀರಲ್ಲ, ವೇಗದ ಅಗತ್ಯವೇ ಅಷ್ಟಿಲ್ಲ.

ಹಂತ 5: ಲಾಟ್ ನಂಬರ್ ಎರಡು ಸಲ ಬರದ ಹಾಗೆ ನೋಡಿಕೊಳ್ಳಿ

ಬಹಳ ಜನರ ಬಳಕೆ ಅಂದಾಗ ನಿಜವಾದ ಅಪಾಯ ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಟೆಂಡರಿಗೆ ಇಡುವ ಅಡಿಕೆಯ ಒಂದೊಂದು ಗುಂಪಿಗೂ ಒಂದು ಲಾಟ್ ನಂಬರ್ ಬೀಳುತ್ತದೆ. ತೂಕದ ಕಟ್ಟೆಯ ಹತ್ತಿರ ಎರಡು ಕೌಂಟರ್ ಇವೆ. ಒಂದರಲ್ಲಿ ರಾಶಿ ಅಡಿಕೆಯ ಚೀಲ ತೂಗುತ್ತಿದ್ದಾರೆ, ಇನ್ನೊಂದರಲ್ಲಿ ಚಾಲಿ (ಎರಡೂ ಅಡಿಕೆಯ ಬೇರೆ ಬೇರೆ ಬಗೆ). ಮೊದಲ ಕೌಂಟರಿನ ಪ್ರೋಗ್ರಾಂ "ಕೊನೆಯ ಲಾಟ್ ನಂಬರ್ ಎಷ್ಟು?" ಅಂತ ಕೇಳುತ್ತದೆ. 417 ಅಂತ ಉತ್ತರ ಬರುತ್ತದೆ. ಅದೇ ಕ್ಷಣ ಎರಡನೆಯದೂ ಕೇಳುತ್ತದೆ. ಅದಕ್ಕೂ 417. ಇಬ್ಬರೂ ಒಂದು ಕೂಡಿಸಿ 418 ಅಂತ ಬರೆಯುತ್ತಾರೆ. ಈಗ ರಾಶಿಗೂ 418, ಚಾಲಿಗೂ 418. ಟೆಂಡರಿನಲ್ಲಿ ವ್ಯಾಪಾರಸ್ಥರು 418ಕ್ಕೆ ದರ ಬರೆದರೆ ಅದು ಯಾರ ಅಡಿಕೆಯ ದರ? ಇಲ್ಲಿ ಫೈಲ್ ಕೆಟ್ಟಿಲ್ಲ, ಲಾಕ್ ಕೂಡ ಸರಿಯಾಗಿ ಕೆಲಸ ಮಾಡಿದೆ. ಕೆಟ್ಟದ್ದು ಓದುವುದಕ್ಕೂ ಬರೆಯುವುದಕ್ಕೂ ನಡುವೆ ಇದ್ದ ಸಣ್ಣ ಸಂದು.

ಇದಕ್ಕೆ ಎರಡು ಬೀಗ ಹಾಕಿ. ಒಂದು, ಟೇಬಲ್‌ನಲ್ಲೇ ವರ್ಷ ಮತ್ತು ಲಾಟ್ ನಂಬರ್ ಎರಡೂ ಸೇರಿ ಯುನೀಕ್ (ಇನ್ನೊಮ್ಮೆ ಬರದ ಹಾಗೆ) ಇರಬೇಕು ಅಂತ ಬರೆಯಿರಿ. ಆಗ ಎರಡನೇ 418 ಒಳಗೇ ಬರುವುದಿಲ್ಲ. ಎರಡು, ಓದಿ ಬರೆಯುವ ಇಡೀ ಕೆಲಸವನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಅನ್ನುವ ಒಂದು ಕಟ್ಟು) ಮಾಡಿ, ಅದನ್ನು "ಬಿಗಿನ್ ಇಮ್ಮೀಡಿಯೆಟ್" ಅಂತಲೇ ಶುರು ಮಾಡಿ. ಬರೀ "ಬಿಗಿನ್" ಅಂದರೆ ಎಸ್‌ಕ್ಯೂಲೈಟ್ ಅದನ್ನು ಓದುವವರ ಸಾಲಿನಲ್ಲಿ ನಿಲ್ಲಿಸುತ್ತದೆ. ಆಮೇಲೆ ಬರೆಯಲು ಹೋದಾಗ ಅಷ್ಟರಲ್ಲಿ ಬೇರೆಯವರು ಬರೆದಿದ್ದರೆ, ಕೂಡಲೇ ಬಿಜಿ ಅಂತ ತಿರಸ್ಕರಿಸುತ್ತದೆ. ನೀವು ಕೊಟ್ಟ ಐದು ಸೆಕೆಂಡ್ ಅಲ್ಲಿ ಉಪಯೋಗಕ್ಕೆ ಬರುವುದೇ ಇಲ್ಲ, ಯಾಕಂದರೆ ಕಾದರೂ ಓದಿದ್ದು ಹಳೆಯದೇ ಆಗಿರುತ್ತದೆ. ಇಮ್ಮೀಡಿಯೆಟ್ ಅಂದರೆ ಮೊದಲೇ ಬರೆಯುವ ಲಾಕ್ ಹಿಡಿದುಕೊಂಡು, ಆಮೇಲೆ ಓದಿ, ಬರೆದು, ಬಿಟ್ಟುಕೊಡುತ್ತದೆ.

ಹಾಗೆ ಹಿಡಿದ ಲಾಕನ್ನು ಬೇಗ ಬಿಡಬೇಕು. "ಎಡಿಟ್" ಒತ್ತಿದಾಗ ಟ್ರಾನ್ಸಾಕ್ಷನ್ ಶುರು ಮಾಡಿ "ಸೇವ್" ಒತ್ತಿದಾಗ ಮುಗಿಸುವ ಪ್ರೋಗ್ರಾಂ ಬರೆದರೆ ಏನಾಗುತ್ತದೆ ಗೊತ್ತಾ? ಒಬ್ಬರು ಸದಸ್ಯರ ಖಾತೆ ತೆರೆದಿಟ್ಟು ಚಾ ಕುಡಿಯಲು ಹೋಗುತ್ತಾರೆ. ಉಳಿದ ನಾಲ್ಕು ಕೌಂಟರ್‌ಗಳ ಪರದೆ ನಿಲ್ಲುತ್ತದೆ. "ತಮಾ, ಇದು ಮುಂದೆ ಹೋಗ್ತಾ ಇಲ್ಲೆ" ಅಂತ ಫೋನ್ ಬರುವುದು ಆಗಲೇ. ಸೇವ್ ಒತ್ತಿದ ಮೇಲೆ ಶುರು ಮಾಡಿ, ಪ್ರಿಂಟರಿಗೆ ಕಳಿಸುವ ಮೊದಲೇ ಮುಗಿಸಿ. ಟ್ರಾನ್ಸಾಕ್ಷನ್ ತೆರೆದಿರುವಾಗ ಮನುಷ್ಯರಿಗಾಗಲೀ ಪ್ರಿಂಟರಿಗಾಗಲೀ ಕಾಯಬೇಡಿ.

ಓದುವ ಟ್ರಾನ್ಸಾಕ್ಷನ್‌ಗೂ ಇದೇ ಮಾತು. ವಾಲ್ ಫೈಲ್ ಸುಮಾರು 1,000 ಪುಟ (ಡೇಟಾಬೇಸ್ ಫೈಲಿನ ಸಣ್ಣ ತುಂಡು), ಅಂದರೆ 4 ಎಂಬಿಯಷ್ಟು ಆದಾಗ ಮುಖ್ಯ ಫೈಲಿಗೆ ಸೇರಿಕೊಳ್ಳುತ್ತದೆ. ಯಾರೋ ಒಬ್ಬರ ವರದಿ ಗಂಟೆಗಟ್ಟಲೆ ತೆರೆದೇ ಇದ್ದರೆ ಅದು ಪೂರ್ತಿ ಸೇರಲು ಆಗದೆ ಬೆಳೆಯುತ್ತಲೇ ಹೋಗುತ್ತದೆ.

ಇನ್ನೊಂದು ವಿಷಯ. ಎಸ್‌ಕ್ಯೂಲೈಟ್ ಸಾಧಾರಣ ಡೆಸ್ಕ್‌ಟಾಪ್‌ನಲ್ಲಿ ಸೆಕೆಂಡಿಗೆ 50,000 ಸಾಲು ಸೇರಿಸಬಲ್ಲದು, ಆದರೆ ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಟ್ರಾನ್ಸಾಕ್ಷನ್ ಆದರೆ ಸೆಕೆಂಡಿಗೆ ಕೆಲವು ಡಜನ್ ಮಾತ್ರ. ಪ್ರತಿ ಟ್ರಾನ್ಸಾಕ್ಷನ್‌ಗೂ ಡಿಸ್ಕ್ ಬರೆದು ಮುಗಿಸಿತಾ ಅಂತ ಕಾಯಬೇಕಲ್ಲ, ಅದಕ್ಕೆ. ಒಂದು ಪಟ್ಟಿಯಲ್ಲಿ ಹನ್ನೆರಡು ಸಾಲಿದ್ದರೆ ಹನ್ನೆರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ. ದುಡ್ಡಿದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ.

ಹಂತ 6: ತೂಕ, ದುಡ್ಡು, ಕನ್ನಡದ ಹೆಸರು

ಎಸ್‌ಕ್ಯೂಲೈಟ್‌ನಲ್ಲಿ ದಶಮಾಂಶಕ್ಕೆ ಪಕ್ಕಾ ಆದ ಬಗೆ ಇಲ್ಲ. ರೂಪಾಯಿಯನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿ ಇಡಿ. ಉದಾಹರಣೆಗೆ 38 ಕೆಜಿ 450 ಗ್ರಾಂ ಅಡಿಕೆ, ಕ್ವಿಂಟಲ್‌ಗೆ 48,500 ರೂಪಾಯಿ ದರ ಅನ್ನೋಣ. ಮೊತ್ತ 18,648 ರೂಪಾಯಿ 25 ಪೈಸೆ. ಫೈಲಿನಲ್ಲಿ ತೂಕ 38450, ಮೊತ್ತ 1864825 ಅಂತ ಇರಲಿ. ಪರದೆಯಲ್ಲಿ ತೋರಿಸುವಾಗ ಚುಕ್ಕೆ ಹಾಕಿಕೊಳ್ಳಿ. ವರ್ಷದ ಕೊನೆಗೆ ಪೈಸೆಯ ವ್ಯತ್ಯಾಸ ಹುಡುಕುತ್ತಾ ಕೂರುವ ಕೆಲಸ ತಪ್ಪುತ್ತದೆ. ಟೇಬಲ್ ಮಾಡುವಾಗ ಸ್ಟ್ರಿಕ್ಟ್ ಅಂತ ಸೇರಿಸಿ. 2021ರ 3.37.0 ಆವೃತ್ತಿಯಿಂದ ಇದು ಇದೆ. ಇಲ್ಲದಿದ್ದರೆ ಅಂಕಿ ಇರಬೇಕಾದ ಜಾಗದಲ್ಲಿ ಅಕ್ಷರ ಬರೆದರೂ ಎಸ್‌ಕ್ಯೂಲೈಟ್ ಸುಮ್ಮನೆ ಇಟ್ಟುಕೊಳ್ಳುತ್ತದೆ.

ಕನ್ನಡದ ವಿಷಯದಲ್ಲಿ ಎರಡು ಎಚ್ಚರ. ಹಳೆಯ ಸಾಫ್ಟ್‌ವೇರಿನ ಹೆಸರುಗಳು ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟ್ ಸಂಕೇತದಲ್ಲಿ ಇದ್ದರೆ ಅವುಗಳನ್ನು ಹಾಗೇ ತುಂಬಬೇಡಿ, ಯೂನಿಕೋಡಿಗೆ ಬದಲಿಸಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿನಿಂದಲೇ ನೋಡಿ. ಎರಡನೆಯದು, ಯೂನಿಕೋಡಿನಲ್ಲಿ "ಕೊ" ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ಸಂಕೇತ ಜೋಡಿಸಿಯೂ ಇಡಬಹುದು. ಪರದೆಯಲ್ಲಿ ಎರಡೂ ಒಂದೇ ತರಹ. ಡೇಟಾಬೇಸಿಗೆ ಮಾತ್ರ ಬೇರೆ ಬೇರೆ. "ಕೊಳಗಿಬೀಸ್" ಅಂತ ಊರಿನ ಹೆಸರು ಹುಡುಕಿದರೆ ಅರ್ಧ ಜನ ಸಿಗುತ್ತಾರೆ, ಅರ್ಧ ಜನ ಸಿಗುವುದಿಲ್ಲ. ಫೈಲಿಗೆ ಹಾಕುವ ಮೊದಲು, ಹುಡುಕುವ ಮೊದಲು, ಎರಡೂ ಕಡೆ ಎನ್‌ಎಫ್‌ಸಿ (NFC) ಅನ್ನುವ ಒಂದೇ ಯೂನಿಕೋಡ್ ರೂಪಕ್ಕೆ ತನ್ನಿ. ಇನ್ನು ಹೆಗಡೆ, ಹೆಗ್ಡೆ ಅಂತ ಒಬ್ಬರದೇ ಹೆಸರು ಎರಡು ರೀತಿ ಬರೆದಿರುವುದನ್ನು ಯಾವ ಡೇಟಾಬೇಸೂ ಸರಿ ಮಾಡುವುದಿಲ್ಲ. ಸದಸ್ಯತ್ವದ ನಂಬರಿನಿಂದಲೇ ಹುಡುಕುವ ಅಭ್ಯಾಸ ಮಾಡಿಸಿ.

ಹಂತ 7: ಕರೆಂಟ್ ಮತ್ತು ಬ್ಯಾಕಪ್

ಮುಖ್ಯ ಕಂಪ್ಯೂಟರಿಗೆ, ರೂಟರಿಗೆ ಎರಡಕ್ಕೂ ಯುಪಿಎಸ್ ಇರಲಿ. ರೂಟರನ್ನು ಮರೆಯುವವರೇ ಜಾಸ್ತಿ. ಕರೆಂಟ್ ಬಂದ ಕೂಡಲೇ ಯಂತ್ರ ತಾನೇ ಆನ್ ಆಗುವ ಹಾಗೆ ಬಯಾಸ್‌ನಲ್ಲಿ ಹಾಕಿ, ನಿಮ್ಮ ಪ್ರೋಗ್ರಾಂ ಕೂಡ ತಾನೇ ಶುರುವಾಗುವ ಹಾಗೆ ಮಾಡಿ. ಬೆಳಿಗ್ಗೆ ಬಾಗಿಲು ತೆಗೆಯುವವರಿಗೆ ಕಂಪ್ಯೂಟರ್ ಗೊತ್ತಿರಬೇಕು ಅಂತ ಇಲ್ಲ.

ವಾಲ್ ಮೋಡ್‌ನಲ್ಲಿ ಮುಖ್ಯ ಫೈಲಿನ ಪಕ್ಕ ಇನ್ನೆರಡು ಫೈಲ್ ಕಾಣುತ್ತವೆ. ಒಂದು ವಾಲ್, ಇನ್ನೊಂದು ಎಸ್‌ಎಚ್‌ಎಂ. ಕಸ ಅಂದುಕೊಂಡು ಅಳಿಸಬೇಡಿ. ವಾಲ್‌ನಲ್ಲಿ ಇವತ್ತಿನ ಪಟ್ಟಿಗಳು ಇರಬಹುದು. ಇದೇ ಕಾರಣಕ್ಕೆ ಮುಖ್ಯ ಫೈಲನ್ನು ಮಾತ್ರ ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಅದು ಬ್ಯಾಕಪ್ ಆಗುವುದಿಲ್ಲ. ಎಸ್‌ಕ್ಯೂಲೈಟ್‌ನ ಬ್ಯಾಕಪ್ ಆದೇಶ ಅಥವಾ "ವ್ಯಾಕ್ಯೂಮ್ ಇಂಟು" ಬಳಸಿ. ಕೆಲಸ ನಡೆಯುತ್ತಿರುವಾಗಲೇ ಪೂರ್ತಿ, ಸರಿಯಾದ ಒಂದು ಪ್ರತಿ ಬರುತ್ತದೆ. ದಿನಕ್ಕೆರಡು ಸಲ ತಾನಾಗಿ ಆಗಲಿ, ಫೈಲಿನ ಹೆಸರಿನಲ್ಲಿ ತಾರೀಖು ಇರಲಿ. ಒಂದು ಪ್ರತಿ ಅದೇ ಕಟ್ಟಡದ ಹೊರಗೆ ಹೋಗಲಿ.

ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಇಂಟೆಗ್ರಿಟಿ ಚೆಕ್ (ಫೈಲ್ ಕೆಟ್ಟಿದೆಯಾ ಅಂತ ನೋಡುವ ಆದೇಶ) ಓಡಿಸಿ, ಒಬ್ಬ ಸದಸ್ಯರ ಬಾಕಿ ತಾಳೆ ನೋಡಿ.

ಎಸ್‌ಕ್ಯೂಲೈಟ್ ಫೈಲಿಗೆ ಪಾಸ್‌ವರ್ಡ್ ಇರುವುದಿಲ್ಲ ಅನ್ನೋದೂ ನೆನಪಿರಲಿ. ಪೆನ್‌ಡ್ರೈವ್ ಯಾರ ಕೈಗೆ ಸಿಕ್ಕರೂ ಎಲ್ಲರ ಠೇವಣಿ, ಸಾಲ ಓದಬಹುದು. ಹೊರಗೆ ಹೋಗುವ ಪ್ರತಿಯನ್ನು ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿಯೇ ಕಳಿಸಿ.

ಹಂತ 8: ಕೊಡುವ ಮೊದಲು ಕೆಡಿಸಿ ನೋಡಿ

ಸುಳ್ಳು ಡೇಟಾ ತುಂಬಿದ ಫೈಲ್ ಇಟ್ಟುಕೊಳ್ಳಿ. ಹತ್ತು ಕೌಂಟರ್ ಇದ್ದ ಹಾಗೆ ನಟಿಸುವ ಒಂದು ಸಣ್ಣ ಸ್ಕ್ರಿಪ್ಟ್ ಬರೆಯಿರಿ. ಮೊದಲ ಹಂತದಲ್ಲಿ ಬರೆದಿಟ್ಟ ಅಂಕಿಯ ಹತ್ತು ಪಟ್ಟು ವೇಗದಲ್ಲಿ ಪಟ್ಟಿ ಮಾಡಿಸಿ. ಅದೇ ಹೊತ್ತಿಗೆ ಇನ್ನೊಂದು ಕಡೆ ದೊಡ್ಡ ವರದಿ ತೆಗೆಯಿರಿ. ಎಷ್ಟು ಸಲ ಲಾಕ್ ಎರರ್ ಬಂತು, ಅತಿ ಹೆಚ್ಚು ಕಾದದ್ದು ಎಷ್ಟು ಹೊತ್ತು, ಲಾಟ್ ನಂಬರ್ ಎಲ್ಲಾದರೂ ಬಿಟ್ಟುಹೋಯಿತಾ ನೋಡಿ.

ಆಮೇಲೆ ಸ್ಕ್ರಿಪ್ಟ್ ಓಡುತ್ತಿರುವಾಗಲೇ ಪ್ಲಗ್ ಎಳೆಯಿರಿ. "ಸೇವ್ ಆಯಿತು" ಅಂತ ಉತ್ತರ ಬಂದ ಕೊನೆಯ ಲಾಟ್ ನಂಬರನ್ನು ಬೇರೆ ಕಂಪ್ಯೂಟರಿನ ಸ್ಕ್ರಿಪ್ಟ್ ಬರೆದಿಟ್ಟುಕೊಂಡಿರಬೇಕು. ಮತ್ತೆ ಆನ್ ಮಾಡಿ, ಆ ನಂಬರ್ ಫೈಲಿನಲ್ಲಿ ಇದೆಯಾ ನೋಡಿ. ಸಿಂಕ್ರೊನಸ್ ಫುಲ್ ಇದ್ದೂ ಅದು ಇಲ್ಲ ಅಂದರೆ ನಿಮ್ಮ ಡಿಸ್ಕ್ ಬರೆಯದೇ ಬರೆದೆ ಅಂತ ಹೇಳುತ್ತಿದೆ. ಅಂಥ ಡಿಸ್ಕುಗಳು ಇವೆ. ಬೇರೆಯದನ್ನು ಹಾಕಿ. ಇದನ್ನು ಒಂದು ಸಲ ಮಾಡಿ ಬಿಡಬೇಡಿ, ಕೆಲವು ಸಲ ಮಾಡಿ.

ಬದಲಾವಣೆಗೆ ಕಾಲವನ್ನೂ ನೋಡಿ. ಕರಾವಳಿಯ ಮೀನಿನ ವ್ಯವಹಾರಕ್ಕೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಒಳ್ಳೆಯ ಹೊತ್ತು. ಅಡಿಕೆಯವರು ಕೊಯ್ಲಿನ ಸುಗ್ಗಿಯನ್ನೂ ಮಾರ್ಚ್ ಕೊನೆಯ ಲೆಕ್ಕವನ್ನೂ ತಪ್ಪಿಸಿ.

ಹಂತ 9: ಈ ಫೈಲ್ ಸಾಲದು ಅಂತ ಗೊತ್ತಾಗುವುದು ಯಾವಾಗ

ಫೈಲ್ ದೊಡ್ಡದಾಯಿತು ಅನ್ನುವುದು ಕಾರಣವೇ ಅಲ್ಲ. ಒಂದು ಪಟ್ಟಿಗೆ 1 ಕೆಬಿ, ದಿನಕ್ಕೆ 200 ಪಟ್ಟಿ, ವರ್ಷಕ್ಕೆ 300 ದಿನ ಅಂದರೂ 60 ಎಂಬಿ. ಎಸ್‌ಕ್ಯೂಲೈಟ್‌ನ ಮಿತಿ 281 ಟೆರಾಬೈಟ್.

ಬರೆಯಲು ಕಾಯುವ ಹೊತ್ತು ದಿನವೂ ಒಂದು ಸೆಕೆಂಡ್ ದಾಟುತ್ತಿದ್ದರೆ ಅದು ಸೂಚನೆ. ಬಡ್ಡಿ ಹಾಕುವಂಥ ದೊಡ್ಡ ಕೆಲಸ ನಿಮಿಷಗಟ್ಟಲೆ ಲಾಕ್ ಹಿಡಿದು ಕೌಂಟರ್ ನಿಲ್ಲಿಸಿದರೆ ಮೊದಲು ಅದನ್ನು ನೂರು ನೂರು ಖಾತೆಗಳ ತುಂಡು ಮಾಡಿ ನೋಡಿ, ಇಲ್ಲವೇ ರಾತ್ರಿಗೆ ಹಾಕಿ. ಎಲ್ಲಿವರೆಗೆ ಆಯಿತು ಅಂತ ಗುರುತು ಇಡಲು ಮರೆಯಬೇಡಿ, ನಡುವೆ ನಿಂತರೆ ಬಡ್ಡಿ ಎರಡು ಸಲ ಬೀಳಬಾರದು. ಅದೂ ಸಾಲದಿದ್ದರೆ ಸರ್ವರ್ ಕಡೆ ಹೋಗಿ.

ಶಾಖೆಗಳು ಬಂದಾಗ ಯೋಚನೆ ಬೇರೆ ಆಗುತ್ತದೆ. ಶಿರಸಿಯಲ್ಲಿ ಫೈಲ್ ಇದೆ, ಯಲ್ಲಾಪುರದಿಂದ, ಕುಮಟಾದಿಂದ ಅದಕ್ಕೇ ಬರೆಯಬೇಕು ಅಂದರೆ ಇಂಟರ್ನೆಟ್ ಹೋದ ದಿನ ಶಾಖೆ ಬಂದ್. ನನ್ನ ಆಯ್ಕೆ, ಪ್ರತಿ ಶಾಖೆಗೂ ಅದರದೇ ಫೈಲ್. ಲಾಟ್ ನಂಬರಿನ ಮುಂದೆ ಶಾಖೆಯ ಅಕ್ಷರ, ರಾತ್ರಿ ಲೈನ್ ಇದ್ದಾಗ ದಿನದ ನಮೂದುಗಳು ಮುಖ್ಯ ಕಚೇರಿಗೆ. ಆದರೆ ಒಬ್ಬ ಸದಸ್ಯರು ಒಂದೇ ದಿನ ಎರಡು ಶಾಖೆಯಲ್ಲಿ ದುಡ್ಡು ತೆಗೆಯಬಹುದು ಅನ್ನುವ ವ್ಯವಸ್ಥೆ ಇದ್ದರೆ ಇದು ನಡೆಯುವುದಿಲ್ಲ. ಆಗ ಬಾಕಿ ಒಂದೇ ಕಡೆ ಇರಬೇಕು, ಪೋಸ್ಟ್‌ಗ್ರೆಸ್‌ನಂಥ ಪೂರ್ತಿ ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ಜನವೂ ಬೇಕು. ಆ ಖರ್ಚನ್ನು ಆಡಳಿತ ಮಂಡಳಿಯ ಮುಂದೆ ಮೊದಲೇ ಇಡಿ.

ಆ ದಿನಕ್ಕಾಗಿ ಈಗಲೇ ಮಾಡಬಹುದಾದ ಕೆಲಸ ಸ್ವಲ್ಪ ಇದೆ. ಡೇಟಾಬೇಸ್ ಆದೇಶಗಳನ್ನೆಲ್ಲ ಪ್ರೋಗ್ರಾಂನ ಒಂದೇ ಭಾಗದಲ್ಲಿ ಇಡಿ, ಪುಟಪುಟಕ್ಕೂ ಚೆಲ್ಲಬೇಡಿ. ತಾರೀಖನ್ನು ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲೇ ಬರೆಯಿರಿ. ಟೇಬಲ್‌ಗಳು ಸ್ಟ್ರಿಕ್ಟ್ ಇದ್ದರೆ ಪೋಸ್ಟ್‌ಗ್ರೆಸ್‌ಗೆ ಸಾಗಿಸುವಾಗ ಅಂಕಿ, ಅಕ್ಷರ ಬೆರೆತ ಜಗಳ ಬರುವುದಿಲ್ಲ. ಸಾಗಿಸಿದ ಮೇಲೆ ಎರಡೂ ಕಡೆ ಸದಸ್ಯರ ಸಂಖ್ಯೆ, ಪಟ್ಟಿಗಳ ಸಂಖ್ಯೆ, ಒಟ್ಟು ಪೈಸೆ ಮೂರನ್ನೂ ತಾಳೆ ನೋಡಿ. ಹಳೆಯ ಫೈಲನ್ನು ಬರೀ ಓದಲು ಬರುವ ಹಾಗೆ ಮಾಡಿ, ಆ ವರ್ಷದ ಆಡಿಟ್ ಮುಗಿಯುವವರೆಗೂ ತೆಗೆಯಬೇಡಿ.